ಸಮುದ್ರಕ್ಕೆ ಬಿಟ್ಟ ಗೇಣು

ನನ್ನ ಮಾವನನ್ನು ಬಂದರಿನಲ್ಲಿ ಎಲ್ಲರೂ ಗುಂಡಣ್ಣ ಎಂದೇ ಕರೆಯುತ್ತಿದ್ದರು. ಅವರೋ ಕಡ್ಡಿಯಂಥ ಮನುಷ್ಯ. ಅಂಗಿ ಗೂಟಕ್ಕೆ ಹಾಕಿದ್ದೋ ಮೈಮೇಲಿರುವುದೋ ಎಂದು ಅನುಮಾನ ಬರುವಷ್ಟು ತೆಳ್ಳಗೆ. ಹೆಸರು ಬಂದದ್ದು ಅವರ ಕೈಯಲ್ಲಿದ್ದ ಸೀಸದ ಗುಂಡಿನಿಂದ. ಮೂವತ್ತೆಂಟು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಗುರುತು ಕಟ್ಟಿದ ಹಗ್ಗದ ತುದಿಗೆ ಗುಂಡು ಬಿಗಿದು ಹಡಗುಕಟ್ಟೆಯ ಅಂಚಿನಿಂದ ನೀರಿಗೆ ಇಳಿಬಿಡುವುದು, ಅದು ತಳ ಮುಟ್ಟಿದಾಗ ಹಗ್ಗ ಎಲ್ಲಿಯವರೆಗೆ ನೆನೆದಿದೆಯೆಂದು ಓದುವುದು, ಆ ಹೊತ್ತಿನ ಉಬ್ಬರದ ಪಾಲನ್ನು ಕಳೆದು ಆಳವನ್ನು ಪುಸ್ತಕದಲ್ಲಿ ಬರೆಯುವುದು. ಯಂತ್ರದ ದೋಣಿ ಇರಲಿಲ್ಲವೆಂದಲ್ಲ. ಅದು ಮೂರು ತಿಂಗಳಿಗೊಮ್ಮೆ ಬಂದು ನಡುನೀರನ್ನು ಅಳೆದು ಹೋಗುತ್ತಿತ್ತು. ಕಟ್ಟೆಯ ಗೋಡೆಗೆ ಒತ್ತಿಕೊಂಡಂತೆ, ಹಡಗು ಗೋಡೆಗೆ ಉಜ್ಜದಂತೆ ಕಟ್ಟಿದ ರಬ್ಬರ್ ದಿಂಡುಗಳ ಸಂದಿಯಲ್ಲಿ, ಕೆಸರು ದಿನದಿನವೂ ಬಂದು ಕೂರುವ ಜಾಗಕ್ಕೆ ಅದು ಬರಲಾರದು. ಅಲ್ಲಿಗೆ ಗುಂಡಣ್ಣನೇ ಆಗಬೇಕಿತ್ತು.

ಆ ಪುಸ್ತಕವೆಂದರೆ ಅವರಿಗೆ ಜೀವ. ಹಡಗನ್ನು ಒಳಗೆ ತರುವ ಪೈಲಟ್‌ಗಳು ಬೆಳಗ್ಗೆ ಅವರ ಅಂಕಿ ಕೇಳದೆ ದೋಣಿ ಹತ್ತುತ್ತಿರಲಿಲ್ಲವಂತೆ. ಅತ್ತೆ ಹೇಳುತ್ತಿದ್ದರು: "ಈ ಮನೇಲಿ ನನ್ನ ಮಾತಿಗೆ ಬೆಕ್ಕು ಕೂಡ ತಿರುಗಿ ನೋಡಲ್ಲ. ಇವರು ಪೆನ್ಸಿಲ್ ಎತ್ತಿದ್ರೆ ಸಾಕು, ಅಷ್ಟು ದೊಡ್ಡ ಹಡಗು ಕೈಕಟ್ಟಿ ನಿಲ್ಲುತ್ತೆ!"

ನಾನು ಸೊಸೆಯಾಗಿ ಬಂದದ್ದು ನಾಲ್ಕು ವರ್ಷದ ಹಿಂದೆ. ಓದಿದ್ದು, ಬೆಳೆದದ್ದು ನಗರದಲ್ಲಿ. ಬಂದರಿನ ಸೈರನ್ ಕೂಗಿದರೂ ಬೆಚ್ಚುತ್ತಿದ್ದೆ. ಮದುವೆಯಾದ ವರ್ಷವೇ ಮಾವನ ಬಲಗೈ ಕಿರುಬೆರಳು ಹಗ್ಗದ ಸುರುಳಿಗೆ ಸಿಕ್ಕಿ ಮುರಿಯಿತು. ಕಟ್ಟು ಬಿಚ್ಚಿದಾಗ ಅದು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿ ನಿಂತಿತ್ತು. ಅವರು ಒಂದು ವಾರ ಮನೆಯಲ್ಲಿದ್ದು, ಮತ್ತೆ ಹಗ್ಗ ಹಿಡಿದರು. ಆಮೇಲೆ ನನ್ನ ಮಗಳು ಹುಟ್ಟಿದಳು. ಪುಟ್ಟಿ ನಡೆಯಲು ಕಲಿತದ್ದು ಆ ಕೊಕ್ಕೆ ಬೆರಳು ಹಿಡಿದೇ. ನಿದ್ದೆ ಬರಬೇಕಾದರೂ ಅವಳ ಮುಷ್ಟಿಯೊಳಗೆ ಅದೇ ಬೆರಳು ಇರಬೇಕು. ಹಿಡಿಯಲು ಅನುಕೂಲವಾಗಲೆಂದೇ ಬಾಗಿಸಿ ಇಟ್ಟ ಹಾಗಿತ್ತು.

ನನ್ನದು ಪುಕ್ಕಲು ಜೀವ. ಬಾಗಿಲ ಚಿಲಕ ಮೂರು ಸಲ ನೋಡದೆ ಮಲಗುವವಳಲ್ಲ. ಗ್ಯಾಸ್ ಆರಿಸಿದೆನೇ, ಕಿಟಕಿಯ ಕೊಂಡಿ ಬಿದ್ದಿದೆಯೇ, ಮಗು ಉಸಿರಾಡುತ್ತಿದೆಯೇ ಎಂದು ಎದ್ದೆದ್ದು ನೋಡುತ್ತೇನೆ. ನನ್ನವರು "ಸಾಕು ಬಿಡೇ, ಮಗು ಉಸಿರಾಡೋದನ್ನೂ ನೀನೇ ನೆನಪು ಮಾಡ್ಬೇಕಾ" ಎಂದು ನಗುತ್ತಿದ್ದರು. ಮಾವ ಮಾತ್ರ ನಗುತ್ತಿರಲಿಲ್ಲ. "ಅವಳನ್ನ ಬಿಡೋ. ನನಗೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದೇ ಹೆದರೋಕೆ ಅಲ್ವಾ?" ಎನ್ನುತ್ತಿದ್ದರು. ಆ ಮನೆಯಲ್ಲಿ ನನಗೆ ನೆಲೆ ಸಿಕ್ಕಿದ್ದು ಆ ಮಾತಿನಿಂದ.

ಅವರು ನಿವೃತ್ತರಾಗಿ ಒಂದು ವರ್ಷವಾದ ಮೇಲೆ, ಒಂದು ಮಧ್ಯಾಹ್ನ, ಮೊಹರು ಹಾಕಿದ ಲಕೋಟೆ ಬಂತು. ಓದಿದವಳೆಂದು ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಮೂರು ಸಲ ಓದಿದೆ.

ವಿಷಯ ಇಷ್ಟು. ದೇಶದ ದೊಡ್ಡ ಬಂದರುಗಳೆಲ್ಲ ಒಂದೇ ಕಾಯಿದೆಯ ಕೆಳಗೆ ಬರುತ್ತವೆ. ಒಂದೊಂದಕ್ಕೂ ಒಂದು ಪ್ರಾಧಿಕಾರ. ನೆಲ, ನೀರು, ಕಟ್ಟೆ ಎಲ್ಲ ಪ್ರಾಧಿಕಾರದ್ದು. ಕಟ್ಟೆಗಳನ್ನು ಅದು ಕಂಪನಿಗಳಿಗೆ ಗುತ್ತಿಗೆಗೆ ಕೊಡಬಹುದು. ಇವರಿಬ್ಬರ ನಡುವೆ ಜಗಳ ಬಂದರೆ ಮೊದಲು ಕೋರ್ಟಿಗೆ ಹೋಗುವಂತಿಲ್ಲ. ಅದಕ್ಕೆಂದೇ ಮೂವರು ಕೂರುವ ತೀರ್ಪು ಮಂಡಳಿ ಇದೆ. ನಮ್ಮ ಬಂದರಿನ ಹೊಸ ಕಟ್ಟೆಯನ್ನು ಒಂದು ಕಂಪನಿ ಹಿಡಿದಿತ್ತು. ಆ ಕಟ್ಟೆಯ ಪಕ್ಕದಲ್ಲಿ ನೀರು ಹದಿನಾಲ್ಕು ಮೀಟರಿಗಿಂತ ಕಡಿಮೆಯಾಗದಂತೆ ಪ್ರಾಧಿಕಾರ ನೋಡಿಕೊಳ್ಳಬೇಕು; ತಪ್ಪಿದರೆ ಪಕ್ಕದ ಹಳೆ ಕಟ್ಟೆಯನ್ನೂ ಕಂಪನಿಗೆ ಬಿಟ್ಟುಕೊಡಬೇಕು. ಇದು ಒಪ್ಪಂದ. ಎರಡು ವರ್ಷ ಆಳ ಕಡಿಮೆಯಿತ್ತು ಎಂದು ಕಂಪನಿ ದೂರು ಕೊಟ್ಟಿತ್ತು. ಸಾಕ್ಷಿ ಬೇರೆ ಯಾವುದೂ ಅಲ್ಲ, ಬಂದರಿನದೇ ಪುಸ್ತಕ. ಮಾವ ಕೈಯಾರೆ ಬರೆದದ್ದು. ಹೆಚ್ಚಿನ ದಿನಗಳಲ್ಲಿ ಹದಿಮೂರು ಮೀಟರ್ ಎಂಬತ್ತು ಸೆಂಟಿಮೀಟರ್. ಬಂದು ಆ ಬರಹ ತಮ್ಮದೇ ಎಂದು ಹೇಳಬೇಕೆಂದು ಮಾವನನ್ನು ಕರೆದಿದ್ದರು.

ಸಂಜೆ ಹಳೆ ಕಟ್ಟೆಯ ಮೇಸ್ತ್ರಿ ಬಂದರು. ಅಲ್ಲಿ ಮೂಟೆ, ಮರ, ಚಿಕ್ಕ ಹಡಗುಗಳ ಸಾಮಾನು ಇಳಿಸುವ ಅರವತ್ತು ಮಂದಿಯ ಗುಂಪಿಗೆ ಅವರೇ ಹಿರಿಯರು. ಮಾವನ ಜೊತೆ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಏನೋ ಗುಂಡಣ್ಣ," ಎನ್ನುತ್ತಾ ಮೆಟ್ಟಿಲ ಮೇಲೇ ಕೂತರು. "ನಿನ್ನ ಪುಸ್ತಕ ನಮ್ಮ ಕುತ್ತಿಗೆಗೇ ಬಂತಲ್ಲೋ. ಕಂಪನಿಯವರು ಕ್ರೇನ್ ತರ್ತಾರಂತೆ. ನಾವು ಅರವತ್ತು ಜನ ಎಲ್ಲಿಗೆ ಹೋಗೋದು, ನಿನ್ನ ಗುಂಡು ಕಟ್ಕೊಂಡು ನೀರಿಗೆ ಇಳಿಯೋದಾ?"

"ನಿನ್ನ ಹೊಟ್ಟೆಗೆ ಗುಂಡು ಯಾಕೋ? ಅದೇ ಸಾಕು ಮುಳುಗೋಕೆ" ಎಂದರು ಅತ್ತೆ, ಚಹಾ ಇಡುತ್ತಾ.

ಮೇಸ್ತ್ರಿ ನಕ್ಕರು. ಮಾವ ನಗಲಿಲ್ಲ. "ಬರೆದದ್ದು ಬರೆದಾಗಿದೆ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಚಹಾ ಲೋಟದಲ್ಲೇ ಆರಿತು.

ಆ ವಾರ ಪುಟ್ಟಿಗೆ ಜ್ವರ ಬಂತು. ನಾನು ಮಾವನ ಕೈಗೆ ಜ್ವರದ ಕಡ್ಡಿಯನ್ನೂ ಒಂದು ನೋಟ್‌ಪುಸ್ತಕವನ್ನೂ ಕೊಟ್ಟು, ಎರಡು ಗಂಟೆಗೊಮ್ಮೆ ನೋಡಿ ಬರೆಯಿರಿ ಎಂದಿದ್ದೆ. ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಹೆದರಿಕೆಯಲ್ಲಿ ಗೆರೆ ಅಲುಗಾಡುತ್ತದೆ. ಪುಸ್ತಕದಲ್ಲಿ ನೂರೊಂದು, ನೂರೊಂದು, ನೂರೆರಡು. ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಎರಡು ಸಲ ನೋಡಿ, "ನೂರರ ಹತ್ತಿರ ಇದೆ ಅಷ್ಟೆ. ಇದನ್ನ ಯಾರಮ್ಮ ಬರೆದದ್ದು?" ಎಂದರು.

ಮನೆಗೆ ಬಂದು, ಮಾವ ಮುಂದಿನ ಸಲ ಕಡ್ಡಿ ನೋಡುವಾಗ ಅವರ ಹೆಗಲ ಹಿಂದೆಯೇ ನಿಂತೆ. ಪಾದರಸ ನೂರಕ್ಕೆ ನಿಂತಿತ್ತು. ಮಾವ ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ, ನಿಧಾನವಾಗಿ, ಮುತ್ತಿನಂಥ ಅಕ್ಷರದಲ್ಲಿ ನೂರೊಂದು ಎಂದು ಬರೆದರು.

"ಮಾವ! ನೂರಲ್ವಾ ಇದು?"

"ಹೌದಮ್ಮ."

"ಮತ್ತೆ?"

"ಒಂದು ಜಾಸ್ತಿ ಇರಲಿ ಅಂತ. ನೂರೊಂದು ಅಂದ್ರೆ ನೀನು ಎದ್ದು ಓಡ್ತೀಯ. ನೂರು ಅಂದ್ರೆ, ನೋಡೋಣ ಅಂತ ಕೂತ್ಕೊಂಡ್ರೆ?" ಅವರ ಮುಖದಲ್ಲಿ ತಪ್ಪು ಮಾಡಿದ ಛಾಯೆಯೇ ಇರಲಿಲ್ಲ. "ಎಲ್ಲೂ ತುದಿಗೆ ಹೋಗಿ ನಿಲ್ಲಬಾರ್ದು."

ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕೇಳಿದೆ: "ನೀರಿನ ಆಳಾನೂ ಹೀಗೇ ಬರೀತಿದ್ರಾ?"

ಅವರು ಪೆನ್ಸಿಲನ್ನು ನಡುವೆ ಇಟ್ಟು ನೋಟ್‌ಪುಸ್ತಕ ಮುಚ್ಚಿದರು. ಆಮೇಲೆ ಹೇಳಿದರು. ಅವರು ಕೆಲಸಕ್ಕೆ ಸೇರುವ ಹಿಂದಿನ ವರ್ಷ ಒಂದು ಹಡಗು ಕಟ್ಟೆಯ ಪಕ್ಕದಲ್ಲೇ ತಳಕ್ಕೆ ಕೂತಿತ್ತು. ಅಂದಿನ ಅಳತೆಗಾರ ಹಗ್ಗದಲ್ಲಿ ಕಂಡ ಅಂಕಿಯನ್ನು ಸರಿಯಾಗಿಯೇ ಬರೆದಿದ್ದ, ಆದರೆ ಗುಂಡು ಮೆತ್ತನೆ ಕೆಸರಿನಲ್ಲಿ ಒಂದಿಷ್ಟು ಹೂತಿದ್ದು ಅವನಿಗೆ ತಿಳಿಯಲಿಲ್ಲ. ಹಡಗು ಓಲಾಡಿ, ಬಿಗಿದ ಹಗ್ಗ ಕಿತ್ತುಬಂದು, ಕಟ್ಟೆಯ ಮೇಲಿದ್ದ ಇಬ್ಬರು ಸತ್ತರು. ಅವತ್ತಿನಿಂದ ಆ ಅಳತೆಗಾರ, ಅಂದರೆ ಮಾವನ ಗುರು, ಒಂದು ಪದ್ಧತಿ ಇಟ್ಟುಕೊಂಡ. ಹಗ್ಗ ನೆನೆದ ಗುರುತಿನ ಮೇಲೆ ಹೆಬ್ಬೆರಳು ಇಟ್ಟು, ಒಂದು ಗೇಣು ಕೆಳಕ್ಕೆ ಅಳೆದು, ಅಲ್ಲಿ ಓದಿದ ಅಂಕಿಯನ್ನು ಬರೆಯುವುದು. ಆ ಗೇಣು ಸಮುದ್ರಕ್ಕೆ ಬಿಟ್ಟದ್ದು.

"ಪೈಲಟ್‌ಗಳಿಗೆ ಗೊತ್ತಿತ್ತು. ಹಳೇ ಸಾಹೇಬರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರೋದನ್ನ ಯಾರಮ್ಮ ಬರೆದಿಡ್ತಾರೆ? ಈಗ ಅವರು ಒಬ್ಬರೂ ಇಲ್ಲ."

"ಹಾಗಾದ್ರೆ ನಿಜವಾಗಿ ಹದಿನಾಲ್ಕು ಮೀಟರ್ ಇತ್ತು!"

"ಇತ್ತು."

"ಮತ್ತೆ ಮೇಸ್ತ್ರಿಗೆ ಯಾಕೆ ಹೇಳ್ಲಿಲ್ಲ? ಮಂಡಳಿ ಮುಂದೆ ಹೇಳಿಬಿಡಿ ಮಾವ!"

"ಏನಂತ ಹೇಳಲಿ? ಮೂವತ್ತೆಂಟು ವರ್ಷ ನಾನು ಬರೆದದ್ದು ಒಂದೂ ಅಳತೆ ಅಲ್ಲ ಅಂತಾನಾ?"

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಅವರು ಕೇಳಿದ್ದಕ್ಕೆ ಹೌದು ಅಂದು ಬರಲಿ ಬಿಡು. ಇರೋದೊಂದು ಹೆಸರು. ಅದನ್ನೂ ಯಾಕೆ ಗುಂಡಿನ ಜೊತೆ ನೀರಿಗೆ ಹಾಕಿಸ್ತೀಯ?" ಎಂದರು ನನಗೆ.

ಅವರ ಮಾತನ್ನು ಕೇಳಬೇಕಿತ್ತು. ಆದರೆ ಶಾಲೆಯಲ್ಲಿ ನನಗೆ ಕಲಿಸಿದ್ದೇ ಬೇರೆ: ನಿಜ ಹೇಳಿದರೆ, ಸರಿಯಾದ ಜಾಗದಲ್ಲಿ ಹೇಳಿದರೆ, ಕೇಳುವವರು ಇರುತ್ತಾರೆ. ಮೂರು ದಿನ ಅವರ ಹಿಂದೆ ಬಿದ್ದೆ. ಅರವತ್ತು ಮಂದಿಯ ಮಕ್ಕಳು, ಅವರ ಜ್ವರ, ಅವರ ಶಾಲೆ ಎಂದು ನನ್ನ ಹೆದರಿಕೆಗಳನ್ನೆಲ್ಲ ಅವರ ಮೇಲೆ ಸುರಿದೆ. ನಾಲ್ಕನೆಯ ದಿನ ಅವರು "ಅಂಗಿ ಇಸ್ತ್ರಿ ಮಾಡಿಸಮ್ಮ" ಎಂದರು.

ಬಂದರಿನ ಪರವಾಗಿ ವಾದಿಸುವ ವಕೀಲೆಯ ಕಚೇರಿಗೆ ಹೋದೆವು. ಕಡತಗಳ ನಡುವೆ ಆಕೆಯ ತಲೆ ಮಾತ್ರ ಕಾಣುತ್ತಿತ್ತು. ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

"ಅಜ್ಜಾ, ಸುಮ್ಮನಿದ್ದರೆ ನಾವು ಸೋಲೋದು ಖಂಡಿತ. ಹೇಳಿದರೆ ಒಂದು ದಾರಿ ಇದೆ. ಆದರೆ ನಿಮ್ಮನ್ನ ಬಿಡಲ್ಲ ಅವರು, ಕೆದಕಿ ಕೆದಕಿ ಕೇಳ್ತಾರೆ. ತಡ್ಕೋತೀರಾ?"

"ನೋಡೋಣಮ್ಮ."

"ಗೇಣು ಅಂದ್ರೆ ಎಷ್ಟು?"

ಮಾವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಒಂಬತ್ತು ಇಂಚು. ಇಪ್ಪತ್ತೆರಡು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು." ಮೂರನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು. ವಕೀಲೆ ಬರೆದುಕೊಂಡು ಕೂಡಿದರು. ಹದಿಮೂರು ಎಂಬತ್ತಕ್ಕೆ ಇಪ್ಪತ್ತೆರಡು ಸೇರಿಸಿದರೆ ಹದಿನಾಲ್ಕು ಮೀಟರ್ ಎರಡು ಸೆಂಟಿಮೀಟರ್. "ಅಬ್ಬಾ, ಇಷ್ಟರಲ್ಲೇ ದಾಟಿದೆ" ಎಂದು ನಕ್ಕರು. ನಾನೂ ನಕ್ಕೆ. ಲಿಖಿತ ಹೇಳಿಕೆಯಲ್ಲಿ ಹಾಗೆಯೇ ಬರೆದು, ಮಾವನ ಸಹಿ ಹಾಕಿಸಿದರು.

ವಿಚಾರಣೆಯ ದಿನ ಮಾವ ಗುಂಡು ಮತ್ತು ಹಗ್ಗವನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದರು, ತೋರಿಸಲು. ಗೇಟಿನ ಕಾವಲುಗಾರ ಚೀಲ ಎತ್ತಿ ನೋಡಿ ಹೌಹಾರಿದ.

"ಏನಜ್ಜ ಇದು, ಇಷ್ಟು ಭಾರ? ಬಾಂಬಾ?"

"ಬಾಂಬಲ್ಲಪ್ಪ, ಗುಂಡು."

ಇನ್ನಿಬ್ಬರು ಕಾವಲುಗಾರರು ಓಡಿಬಂದರು. ನಾನು ವಿವರಿಸುವಷ್ಟರಲ್ಲಿ ಬೆವತುಹೋದೆ. ಕೊನೆಗೆ ಅವರು ಗುಂಡನ್ನು ಛತ್ರಿಗಳ ಪಕ್ಕದಲ್ಲಿಟ್ಟು, ನಂಬರ್ ಬರೆದ ಚೀಟಿ ಕೊಟ್ಟರು. ಮಾವ ಆ ಚೀಟಿಯನ್ನು ಹಿಡಿದುಕೊಂಡೇ ಮೂರನೆಯ ಮಹಡಿಗೆ ಹತ್ತಿದರು.

ಮಂಡಳಿಯ ಕೋಣೆ ತಣ್ಣಗಿತ್ತು. ಉದ್ದ ಮೇಜಿನ ಹಿಂದೆ ಮೂವರು: ನಡುವೆ ಅಧ್ಯಕ್ಷರು, ಮೊದಲು ದೊಡ್ಡ ನ್ಯಾಯಾಧೀಶರಾಗಿದ್ದವರು; ಎಡಕ್ಕೆ ಕಡತದಿಂದ ತಲೆಯೆತ್ತದ ಒಬ್ಬರು; ಬಲಕ್ಕೆ ಬಿಳಿಗಡ್ಡದ ಒಬ್ಬರು, ಹಡಗಿನ ಕ್ಯಾಪ್ಟನ್ ಆಗಿದ್ದವರಂತೆ. ನಾನು ಹಿಂದಿನ ಸಾಲಿನಲ್ಲಿ ಕೂತು ಪುಟ್ಟಿಗೆ ಔಷಧಿ ಕೊಟ್ಟಿರೋ ಇಲ್ಲವೋ ಎಂದು ಅತ್ತೆಗೆ ಮೂರು ಸಲ ಸಂದೇಶ ಕಳಿಸಿದೆ. ನನ್ನ ಪಕ್ಕದಲ್ಲಿ ಮೇಸ್ತ್ರಿ ಒಗೆದ ಅಂಗಿಯಲ್ಲಿ ಕೂತಿದ್ದರು. ಅಷ್ಟು ಹೊತ್ತಿಗೆ ಅವರಿಗೂ ವಿಷಯ ತಿಳಿದಿತ್ತು.

ಮಾವ ಎಲ್ಲ ಹೇಳಿದರು. ತೊದಲದೆ, ನಿಧಾನವಾಗಿ. ಕ್ಯಾಪ್ಟನ್ ತಲೆದೂಗಿದ್ದು ನೋಡಿ ನನಗೆ ಧೈರ್ಯ ಬಂತು.

ಕಂಪನಿಯ ವಕೀಲರು ಎದ್ದರು. ದನಿ ಬಹಳ ಮೃದು. "ಹಿರಿಯರೇ, ತಾವು ಅಳೆದದ್ದು ಒಂದು, ಬರೆದದ್ದು ಇನ್ನೊಂದು. ಹೌದಾ?"

"ಹೌದು ಸಾರ್."

"ಎಷ್ಟು ದಿನ ಹಾಗೆ ಮಾಡಿದ್ರಿ?"

"ದಿನಾ."

"ಗೇಣು ಅಂದ್ರೆ ಯಾರ ಗೇಣು?"

"ನಂದು ಸಾರ್. ಮತ್ತೆ ಯಾರದ್ದು?" ಎಂದು ಮಾವ ಕೈ ಎತ್ತಿ ಬೆರಳು ಅಗಲಿಸಿ ತೋರಿಸಿದರು.

ಕೋಣೆಯಲ್ಲಿ ಸಣ್ಣ ನಗು ಎದ್ದಿತು. ಕ್ಯಾಪ್ಟನ್ ಮಾತ್ರ ನಗದೆ ಆ ಕೈಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ, ಅಂದೇ ಮೊದಲ ಸಲ ನೋಡುವ ಹಾಗೆ. ನಾಲ್ಕು ಬೆರಳು ಚಾಚಿದ್ದವು. ಕಿರುಬೆರಳು ಚಾಚಿರಲಿಲ್ಲ.

ಕ್ಯಾಪ್ಟನ್ ತಮ್ಮ ಕಡತದಿಂದ ಸ್ಟೀಲ್ ಅಳತೆಪಟ್ಟಿ ತೆಗೆದು ತಾವೇ ಎದ್ದುಬಂದರು. "ಮೇಜಿನ ಮೇಲಿಡಿ ಅಜ್ಜಾ. ಎಷ್ಟಾಗುತ್ತೋ ಅಷ್ಟು ಅಗಲಿಸಿ" ಎಂದರು ಮೆಲ್ಲಗೆ. ಮಾವ ಹಲ್ಲು ಕಚ್ಚಿ ಅಗಲಿಸಿದರು. ಕೊಕ್ಕೆ ಬೆರಳು ನಡುಗಿತು, ಆದರೆ ಬಿಚ್ಚಿಕೊಳ್ಳಲಿಲ್ಲ.

"ಹದಿನೇಳು ಸೆಂಟಿಮೀಟರ್" ಎಂದರು ಕ್ಯಾಪ್ಟನ್. ಆಮೇಲೆ ಕೇಳಿದರು: "ಬೆರಳು ಯಾವಾಗ ಮುರಿದದ್ದು?"

"ನಾಲ್ಕು ವರ್ಷ ಆಯ್ತು ಸಾರ್."

ಜಗಳವಿದ್ದದ್ದು ಅವರ ಸೇವೆಯ ಕೊನೆಯ ಎರಡು ವರ್ಷದ ಬಗ್ಗೆ. ಹದಿಮೂರು ಎಂಬತ್ತಕ್ಕೆ ಹದಿನೇಳು ಸೇರಿಸಿದರೆ ಹದಿಮೂರು ತೊಂಬತ್ತೇಳು. ಎರಡು ಬೆರಳಗಲ ಕಡಿಮೆ. ವಕೀಲೆ ನನ್ನ ಕಡೆ ತಿರುಗಿ ನೋಡಿದರು. ಚಿಲಕವನ್ನು ಮೂರು ಸಲ ನೋಡುವ ನಾನು, ನನ್ನ ಮಗಳು ದಿನವೂ ಹಿಡಿದು ಮಲಗುವ ಆ ಬೆರಳಿನ ಮೇಲೆ ಒಂದು ಸಲ ಪಟ್ಟಿ ಇಟ್ಟು ನೋಡಿರಲಿಲ್ಲ.

ಕೆಳಗೆ ಬಂದು ಚೀಟಿ ಕೊಟ್ಟು ಗುಂಡು ಬಿಡಿಸಿಕೊಂಡೆವು. ಬಸ್ಸಿನಲ್ಲಿ ಮಾವ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತರು. ನಾನು ಏನೋ ಹೇಳಹೊರಟೆ: ತಪ್ಪು ನನ್ನದು, ಅಂಕಿ ಕೊಟ್ಟವಳು ನಾನು, ಹೀಗೆ. ಅವರಿಗೆ ಅದು ಕೇಳಿಸಲೇ ಇಲ್ಲ.

"ಬೆರಳು ಮುರಿದ ಮೇಲೂ ಮೂರು ವರ್ಷ ಅಳೆದಿದ್ದೀನಮ್ಮ," ಎಂದರು. "ಅಷ್ಟೂ ದಿನ ಸಮುದ್ರಕ್ಕೆ ಕಮ್ಮಿ ಬಿಟ್ಟಿದ್ದೀನಿ. ಪೂರ್ತಿ ಗೇಣು ಬಿಟ್ಟಿದ್ದೀನಿ ಅಂದ್ಕೊಂಡೇ ಬರೆದೆ. ಪೈಲಟ್‌ಗಳು ಅದನ್ನ ನಂಬಿ ಹಡಗು ತಂದ್ರು. ಯಾವ್ದಾದ್ರೂ ಒಂದು ಕೂತಿದ್ರೆ? ಮೇಲೆ ಜನ ನಿಂತಿರ್ತಿದ್ರಲ್ಲ."

"ಕೂರ್ಲಿಲ್ವಲ್ಲ ಮಾವ. ಯಾವುದೂ ಕೂರ್ಲಿಲ್ಲ."

"ಕೂರ್ಲಿಲ್ಲ" ಎಂದರು. ಅದು ಒಪ್ಪಿಕೊಂಡ ದನಿಯಾಗಿರಲಿಲ್ಲ. ಪುಟ್ಟಿಗಾಗಿ ನಾನು ಹೆದರುವ ರೀತಿಯನ್ನು ಅವರ ಮುಖದಲ್ಲಿ ಅಂದು ನೋಡಿದೆ. ಆಗಿ ಮುಗಿದುಹೋದದ್ದಕ್ಕೆ, ಆಗದೇ ಉಳಿದದ್ದಕ್ಕೆ ಹೆದರುವ ಹೆದರಿಕೆ. ಅದಕ್ಕೆ ಯಾವ ಡಾಕ್ಟರ ಹತ್ತಿರ ಓಡುವುದು?

ಎರಡು ತಿಂಗಳ ಮೇಲೆ ತೀರ್ಪು ಬಂತು. ಮನುಷ್ಯನಿಂದ ಮನುಷ್ಯನಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವ ಗೇಣನ್ನು ಅಳತೆಯೆಂದು ಒಪ್ಪಲಾಗದು. ಪುಸ್ತಕದಲ್ಲಿ ಬರೆದದ್ದೇ ನಿಲ್ಲುತ್ತದೆ. ಹಳೆ ಕಟ್ಟೆ ಕಂಪನಿಗೆ. ಸಾಕ್ಷಿ ಪ್ರಾಮಾಣಿಕ ವ್ಯಕ್ತಿಯೆಂದು ಮಂಡಳಿಗೆ ಮನವರಿಕೆಯಾಗಿದೆ ಎಂದು ಒಂದು ಸಾಲು ಇತ್ತು. ಆ ಸಾಲನ್ನು ಮಾವನಿಗೆ ಎರಡು ಸಲ ಓದಿ ಹೇಳಿದೆ. ಅವರು "ಸರಿ" ಎಂದರು. ಬಂದರಿನಲ್ಲಿ ಕೈಯಿಂದ ಆಳ ನೋಡುವುದನ್ನು ಅದೇ ತಿಂಗಳು ನಿಲ್ಲಿಸಿದರು. ಮೂವತ್ತೆಂಟು ವರ್ಷದ ಪುಸ್ತಕಗಳನ್ನು ಕಟ್ಟಿ, ನಂಬಲರ್ಹವಲ್ಲ ಎಂಬ ಚೀಟಿ ಅಂಟಿಸಿ ಉಗ್ರಾಣಕ್ಕೆ ಹಾಕಿದರಂತೆ. ಈ ಸುದ್ದಿಯನ್ನು ಅತ್ತೆ ಮತ್ತು ನಾನು ಅವರಿಗೆ ಹೇಳಲಿಲ್ಲ. ಹೇಗೋ ಗೊತ್ತಾಗಿತ್ತು.

ಮೇಸ್ತ್ರಿ ಒಂದು ಸಲ ಬಂದರು. ಗುಂಪನ್ನು ಮೂರು ಪಾಲು ಮಾಡಿ, ಎರಡು ಪಾಲನ್ನು ಬೇರೆ ಬೇರೆ ಗೋದಾಮುಗಳಿಗೆ ಕಳಿಸಿದ್ದರು. ಉಳಿದ ಇಪ್ಪತ್ತು ಮಂದಿಯನ್ನು ಎಲ್ಲಿಗೂ ಕಳಿಸಿರಲಿಲ್ಲ.

"ನೀನು ಬಾಯಿ ಮುಚ್ಕೊಂಡಿದ್ರೂ ಕಟ್ಟೆ ಹೋಗ್ತಿತ್ತು ಬಿಡೋ," ಎಂದರು ಮೇಸ್ತ್ರಿ. "ಹೋಗಿ ಹೇಳಿದೆಯಲ್ಲ, ಅಷ್ಟು ಸಾಕು ನಮಗೆ."

ಅತ್ತೆ ಅಂದು ಮೇಸ್ತ್ರಿಯ ಹೊಟ್ಟೆಯ ಬಗ್ಗೆ ಏನೂ ಹೇಳಲಿಲ್ಲ. ನನಗೂ ಅವರು ಇವತ್ತಿನವರೆಗೆ ಒಂದು ಮಾತು ಅಂದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೊನ್ನೆ ಪುಟ್ಟಿಗೆ ಮತ್ತೆ ಜ್ವರ. ಮಧ್ಯಾಹ್ನ, ಅವಳು ಮಾವನ ಪಕ್ಕದಲ್ಲಿ ಬೆರಳು ಹಿಡಿದು ಮಲಗಿದ್ದಳು. ನಾನು ಜ್ವರದ ಕಡ್ಡಿ ತೆಗೆದು, ಏನೂ ಆಗಿಲ್ಲವೆನ್ನುವ ಹಾಗೆ ಅವರ ಕೈಗೆ ಕೊಟ್ಟೆ. ನೋಟ್‌ಪುಸ್ತಕವನ್ನೂ ಪೆನ್ಸಿಲನ್ನೂ ಪಕ್ಕದಲ್ಲಿಟ್ಟೆ. ಅವರು ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುಟಿ ಅಲುಗಿತು. ಆಮೇಲೆ ಕಡ್ಡಿಯನ್ನು ನನ್ನ ಕಡೆ ಚಾಚಿದರು.

"ನೀನೇ ನೋಡಮ್ಮ."

"ನನ್ನ ಕಣ್ಣು ನಂಬೋಕಾಗಲ್ಲ ಮಾವ, ನಿಮಗೆ ಗೊತ್ತಲ್ಲ. ಬರೀರಿ. ಒಂದು ಜಾಸ್ತಿನೇ ಬರೀರಿ, ಪರವಾಗಿಲ್ಲ."

ಅವರು ತಲೆಯಾಡಿಸಿದರು. ಮಗುವಿನ ಮುಷ್ಟಿಯಿಂದ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಕೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡರು. ಪುಟ್ಟಿ ನಿದ್ದೆಯಲ್ಲೇ ಗಾಳಿಯಲ್ಲಿ ಎರಡು ಸಲ ಕೈಯಾಡಿಸಿ ಹುಡುಕಿದಳು.

ನಾನು ಕಡ್ಡಿ ನೋಡಿದೆ. ಗೆರೆ ಅಲುಗಾಡುತ್ತಿತ್ತು. ನೂರು ಎಂದು ಬರೆದೆ.